ಫೋಟೊದಲ್ಲಿದ್ದ ನಲ್ಲಿಗೆ ಟೇಪು ಉಲ್ಟಾ ಸುತ್ತಿದೆ

ಮಾನ್ಯ ಸಂಪಾದಕರೇ,

ಕಳೆದ ಸೋಮವಾರ ನಿಮ್ಮ ಪತ್ರಿಕೆಯ ಕೋಲಾರ ಪುಟದಲ್ಲಿ ಒಂದು ನಲ್ಲಿಯ ಫೋಟೊ ಬಂದಿತ್ತು. ಗೋಡೆ ಪಕ್ಕ ನಿಂತ ಪೈಪು, ಅದರ ತಲೆಗೆ ಒಂದು ನಲ್ಲಿ. ಎರಡೂ ಕೂಡುವ ಜಾಗಕ್ಕೆ ಸೈಕಲ್ ಟ್ಯೂಬು ಬಿಗಿದು ಕಟ್ಟಿದ್ದಾರೆ. ಆದರೂ ತೊಟ್ಟಿಕ್ಕುತ್ತಿದೆ. ಕೆಳಗೆ ‘ಕಳಪೆ ಪೈಪ್, ಕುಡಿಯುವ ನೀರು ಪೋಲು’ ಎಂದು ಹಾಕಿದ್ದಿರಿ.

ನೀರು ಪೋಲಾಗುತ್ತಿರುವುದು ನಿಜ. ಪೈಪನ್ನು ಮಾತ್ರ ಬೈಯಬೇಡಿ, ಪಾಪ. ನಾನು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ಟ್ಯೂಬಿನ ಮೇಲ್ಗಡೆ, ಜಾಯಿಂಟು ಸೋರದಿರಲಿ ಅಂತ ಸುತ್ತುವ ಬಿಳಿ ಟೇಪು ಮುದುಡಿಕೊಂಡು ಹೊರಗೆ ಇಣುಕುತ್ತಿದೆ, ಹಳೇ ಪಂಚೆಯ ಅಂಚು ಬಿಚ್ಚಿಕೊಂಡ ಹಾಗೆ. ಸರಿಯಾಗಿ ಸುತ್ತಿದ ಟೇಪು ಹಾಗೆ ಹೊರಗೆ ಬರುವುದಿಲ್ಲ. ಅದನ್ನು ಉಲ್ಟಾ ಸುತ್ತಿದ್ದಾರೆ. ನಲ್ಲಿ ತಿರುಗಿಸಿದ ಹಾಗೆಲ್ಲ ಅದು ಬಿಚ್ಚುತ್ತಾ, ಮುದ್ದೆಯಾಗಿ, ಬಾಯಿಗೆ ಬಂದು ನಿಂತಿದೆ. ‘ಫೋಟೊ ನೋಡಿ ಇಷ್ಟೆಲ್ಲ ಹೇಳ್ತೀಯಲ್ಲಮ್ಮ, ಜಾತಕನೂ ಹೇಳ್ತೀಯಾ?’ ಅಂತ ನನ್ನ ಮಗ ನಕ್ಕ. ನಗಲಿ. ದಿನಾ ಇದನ್ನೇ ನೋಡುವವಳಿಗೆ ಗೊತ್ತಾಗುತ್ತೆ.

ನಾನು ಬಂಗಾರಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇನೆ. ಯಜಮಾನರು ಇರುವವರೆಗೆ ಇಬ್ಬರೂ ಕೂರುತ್ತಿದ್ದೆವು. ಈಗ ನಾನೊಬ್ಬಳೇ. ಬಣ್ಣ, ಮೊಳೆ, ತಂತಿ ಎಲ್ಲ ಇದೆ. ಆದರೆ ಜಾಸ್ತಿ ಹೋಗುವುದು ಪೈಪಿನ ಸಾಮಾನು. ಪೈಪು ತಿರುಗುವ ಮೂಲೆಗೆ ಹಾಕುವ ಎಲ್ಬೋ, ಟೀ, ನಿಪ್ಪಲ್, ಯೂನಿಯನ್, ವಾಲ್ವು. ಬೂದಿಕೋಟೆ, ಕಾಮಸಮುದ್ರ, ಬೇತಮಂಗಲ ಕಡೆಯಿಂದೆಲ್ಲ ಬರುತ್ತಾರೆ. ಬಸ್ಸಿಗೆ ಹೊತ್ತಾಯಿತು ಅನ್ನುವ ಅವಸರದಲ್ಲಿ ಅರ್ಧ ಹೇಳಿ ಅರ್ಧ ನುಂಗುತ್ತಾರೆ. ‘ಅಕ್ಕಾ, ಅದೇ, ನಲ್ಲಿಗೆ ಸುತ್ತೋದು ಕೊಡಿ’ ಅಂದರೆ ಟೆಫ್ಲಾನ್ ಟೇಪು ಅಂತ ನಾನು ತಿಳಿದುಕೊಳ್ಳಬೇಕು. ಅರ್ಧ ಇಂಚು ಅಗಲದ ಬಿಳಿ ಸುರುಳಿ. ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ ಸಾಮಾನು ಹುಡುಕಿದರೆ ವಾಷರು, ಮೊಳೆ ಸಿಗಬಹುದು, ಅಷ್ಟೇ.

ಒಂದು ಸಲ ಒಬ್ಬ ಹಿರಿಯರು ಸುರುಳಿ ವಾಪಸ್ ತಂದರು. ಟವೆಲ್ಲು ಕೊಡವಿ ಸ್ಟೂಲಿನ ಮೇಲೆ ಕೂತು, ‘ಏನಮ್ಮ, ಡ್ಯಾಮೇಜು ಮಾಲು ಕೊಟ್ಟಿದ್ದೀಯಲ್ಲ, ಇದಕ್ಕೆ ಅಂಟೇ ಇಲ್ಲ’ ಅಂದರು. ಇಡೀ ಸುರುಳಿ ಬಿಚ್ಚಿ ಎರಡೂ ಕಡೆ ಮುಟ್ಟಿ ನೋಡಿದ್ದಾರೆ! ಅವರ ತಪ್ಪೇನಿಲ್ಲ. ಟೇಪು ಅಂತ ಹೆಸರಿಟ್ಟ ಮೇಲೆ ಅಂಟಬೇಕು ಅಲ್ವಾ? ‘ಇದು ಅಂಟೋದಿಲ್ಲ ಯಜಮಾನರೇ, ಅಂಟದೇ ಇರೋದೇ ಇದರ ಗುಣ. ನಿಮ್ಮ ಸೊಸೆ ದೋಸೆ ಹುಯ್ಯೋ ನಾನ್‌ಸ್ಟಿಕ್ ಕಾವಲಿ ಇದೆಯಲ್ಲ, ಅದರ ಮೇಲಿರೋದೂ ಇದೇ’ ಅಂದೆ. ನಂಬಲಿಲ್ಲ. ಸೋರುವ ಕಡೆ ಮೆತ್ತುವ ಎಂ-ಸೀಲ್ ತೆಗೆದುಕೊಂಡು ಹೋದರು.

ಡಿಪ್ಲೊಮಾ ಓದುವ ಮಗ ಇದರ ಕಥೆ ಹೇಳಿದ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ಕೆಮಿಸ್ಟ್ ಫ್ರಿಜ್‌ಗೆ ಬೇಕಾದ ಗ್ಯಾಸಿನ ಮೇಲೆ ಕೆಲಸ ಮಾಡುತ್ತಿದ್ದರಂತೆ. ಒಂದು ದಿನ ಸಿಲಿಂಡರ್ ತಿರುಗಿಸಿದರೆ ಗ್ಯಾಸೇ ಬರಲಿಲ್ಲ. ತೂಕ ನೋಡಿದರೆ ಖಾಲಿಯೂ ಆಗಿಲ್ಲ. ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ. ಅದೇ ಪಿಟಿಎಫ್‌ಇ, ಈ ಟೇಪು ಮಾಡುವ ಪ್ಲಾಸ್ಟಿಕ್. ಟೆಫ್ಲಾನ್ ಅನ್ನುವುದು ಆ ಕಂಪನಿ ಇಟ್ಟ ಮಾರಾಟದ ಹೆಸರು. ನಮ್ಮಲ್ಲಿ ಯಾವ ಕಂಪನಿಯ ಟೇಪಾದರೂ ಟೆಫ್ಲಾನೇ, ಯಾವ ವನಸ್ಪತಿಯಾದರೂ ಡಾಲ್ಡಾ ಆದ ಹಾಗೆ.

ನನಗೆ ಈ ಕೆಲಸ ಕಲಿಸಿದ್ದು ಅಂಗಡಿ ಅಲ್ಲ, ಅಪ್ಪ. ಅವರು ಕೆಜಿಎಫ್ ಚಿನ್ನದ ಗಣಿಯಲ್ಲಿ ಪೈಪ್ ಫಿಟ್ಟರ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಅದೇ ಕೆಲಸ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಬಂಡೆ ಕೊರೆಯುವ ಡ್ರಿಲ್ಲುಗಳು ಓಡುತ್ತಿದ್ದದ್ದು ಒತ್ತಿ ತುಂಬಿದ ಗಾಳಿಯಿಂದ. ಆ ಗಾಳಿಯನ್ನು ಕೆಳಗೆ ಕಳಿಸುವ ಪೈಪುಗಳ ಜಾಯಿಂಟು ನೋಡಿಕೊಳ್ಳುವುದು ಅಪ್ಪನಂಥವರ ಪಾಳಿ. ‘ನೀರು ಸೋರಿದ್ರೆ ಕಣ್ಣಿಗೆ ಕಾಣುತ್ತೆ. ಗಾಳಿ ಸೋರಿದ್ರೆ ಕಿವಿಗೆ ಕೇಳುತ್ತೆ. ಅಲ್ಲಿ ಡ್ರಿಲ್ಲಿನ ಸದ್ದಿಗೆ ಕಿವಿನೂ ಕೇಳಲ್ಲ’ ಅನ್ನುತ್ತಿದ್ದರು. ಅದಕ್ಕೇ ಸೋಪಿನ ನೊರೆ ಹಚ್ಚುವುದು. ಎಲ್ಲಿ ಗುಳ್ಳೆ ಏಳುತ್ತೋ ಅಲ್ಲಿ ಸೋರಿಕೆ.

ಅವರ ಕಾಲದಲ್ಲಿ ಥ್ರೆಡ್ಡಿಗೆ, ಅಂದರೆ ಪೈಪಿನ ತುದಿಯ ತಿರುಪಿನ ಗೆರೆಗಳಿಗೆ, ಸುತ್ತುತ್ತಿದ್ದದ್ದು ಸೆಣಬಿನ ನಾರು. ಅದರ ಮೇಲೆ ಸಫೇದ ಅನ್ನುವ ಬಿಳಿ ಲೇಪ ಬಳಿಯುತ್ತಿದ್ದರು. ಮನೆಯಲ್ಲೂ ಅದೇ. ಅಪ್ಪ ಜಗಲಿ ಮೇಲೆ ಕೂತು ನಾರು ಹಿಂಜುತ್ತಾ ಇದ್ದರೆ ಅಮ್ಮ ‘ಜಡೆ ಹೆಣೀತಾ ಇದ್ದೀರಾ?’ ಅಂತ ರೇಗಿಸುತ್ತಿದ್ದಳು. ಒಳ್ಳೆ ನಾರಿನ ಜಾಯಿಂಟು ಮೂವತ್ತು ವರ್ಷ ಅಲ್ಲಾಡುವುದಿಲ್ಲ. ನೀರು ಕುಡಿದು ನಾರು ಉಬ್ಬಿಕೊಳ್ಳುತ್ತೆ, ಸಂದು ಮುಚ್ಚುತ್ತೆ. ಆದರೆ ಹಳೇ ಸಫೇದದಲ್ಲಿ ಸೀಸ ಇರುತ್ತಿತ್ತು. ಸೀಸ ವಿಷ. ಕುಡಿಯುವ ನೀರಿನ ಪೈಪಿಗೆ ಅದು ಬೇಡವೇ ಬೇಡ. ಬಿಳಿ ಟೇಪು ಕೈಗೆ ಬಂದ ಮೇಲೆ ಅಪ್ಪ ಒಂದೇ ವಾರದಲ್ಲಿ ನಾರಿನ ಡಬ್ಬಿ ಅಟ್ಟಕ್ಕೆ ಹಾಕಿದರು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಟೇಪು ಏನು ಮಾಡುತ್ತೆ ಅನ್ನುವುದೇ ಜನಕ್ಕೆ ಗೊತ್ತಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಸೋರುವ ಜಾಗದ ಮೇಲೆ ಹೊರಗಿನಿಂದ ಸುತ್ತುತ್ತಾರೆ. ಹತ್ತು ಸುರುಳಿ ಸುತ್ತಿದರೂ ನೀರು ನಿಲ್ಲುವುದಿಲ್ಲ. ಅದರ ಕೆಲಸ ಇರುವುದು ಒಳಗೆ.

ಪೈಪಿನ ಥ್ರೆಡ್ಡು ನೇರ ಇರುವುದಿಲ್ಲ. ಬುಗುರಿಯ ಹಾಗೆ ತುದಿಗೆ ಹೋಗುತ್ತಾ ಸಣ್ಣ ಆಗುತ್ತೆ. ಕಣ್ಣಿಗೆ ಕಾಣುವುದು ಕಷ್ಟ. ಹದಿನಾರು ಅಂಗುಲ ಉದ್ದಕ್ಕೆ ಅಡ್ಡಳತೆ ಒಂದು ಅಂಗುಲ ಕಡಿಮೆಯಾಗುವ ಲೆಕ್ಕ. ಐಎಸ್ 554 ಅನ್ನುವ ಭಾರತೀಯ ಮಾನಕದಲ್ಲಿ ಈ ಅಳತೆಗಳಿವೆ. ಅರ್ಧ ಇಂಚಿನ ಪೈಪಿಗೆ ಒಂದು ಇಂಚಿನಲ್ಲಿ 14 ಸುತ್ತು ಥ್ರೆಡ್ಡು. ತಿರುಗಿಸಿದಷ್ಟೂ ಒಂದರೊಳಗೆ ಒಂದು ಬೆಣೆ ಹೊಡೆದ ಹಾಗೆ ಕೂರುತ್ತೆ. ಆದರೆ ಎಷ್ಟೇ ಬಿಗಿ ಮಾಡಿದರೂ ಒಂದರ ಏಣು ಇನ್ನೊಂದರ ತಗ್ಗಿನ ತಳ ಮುಟ್ಟುವುದಿಲ್ಲ, ಕೂದಲೆಳೆ ಸಂದು ಉಳಿಯುತ್ತೆ. ಆ ಸಂದು ಒಂದು ಕಡೆ ಮಾತ್ರ ಇರುವುದಲ್ಲ. ಸುತ್ತಿ ಸುತ್ತಿ, ಒಳಗಿನಿಂದ ಹೊರಗಿನವರೆಗೆ ಒಂದೇ ದಾರಿ. ಘಾಟಿ ರಸ್ತೆ ಇದ್ದ ಹಾಗೆ. ನೀರಿಗೆ ಅವಸರ ಇಲ್ಲ. ಸುತ್ತಿಕೊಂಡೇ ಇಳಿದು ಬರುತ್ತೆ. ಆ ದಾರಿಯನ್ನು ತುಂಬುವುದೇ ಟೇಪಿನ ಕೆಲಸ. ಇನ್ನೊಂದು ಕೆಲಸ ಜಾರಿಸುವುದು. ಲೋಹಕ್ಕೆ ಲೋಹ ಕಚ್ಚಿಕೊಳ್ಳದೆ ಇನ್ನೂ ಅರ್ಧ ಸುತ್ತು ಒಳಗೆ ಹೋಗಲು ಬಿಡುತ್ತೆ. ಬಿಗಿ ಹೆಚ್ಚು, ಸಂದು ಕಡಿಮೆ.

ಈಗ ದಿಕ್ಕಿಗೆ ಬರುತ್ತೇನೆ. ಅಪ್ಪ ನನಗೆ ಹೇಳಿಕೊಟ್ಟದ್ದು ಒಂದೇ ಮಾತು: ಪ್ರದಕ್ಷಿಣೆ ಹಾಕು. ಥ್ರೆಡ್ಡಿನ ತುದಿ ನಿನ್ನ ಮುಖ ನೋಡುವ ಹಾಗೆ ಹಿಡಿ. ದೇವಸ್ಥಾನವನ್ನು ಮೇಲಿಂದ ನೋಡುತ್ತಿದ್ದೀಯ ಅಂದುಕೋ. ಜನ ಯಾವ ಕಡೆ ಸುತ್ತುತ್ತಾರೋ ಆ ಕಡೆಗೇ ಟೇಪು. ಅಂಗಡಿಗೆ ಬರುವ ಎಲ್ಲರಿಗೂ ಗುಡಿಯ ಲೆಕ್ಕ ಹೊಂದುವುದಿಲ್ಲವಲ್ಲ. ಅದಕ್ಕೆ ನಾನು ನೀರಿನ ಬಾಟಲಿ ಇಟ್ಟುಕೊಂಡಿದ್ದೇನೆ. ಬಾಟಲಿಯ ಬಾಯಿಯಲ್ಲೂ ಥ್ರೆಡ್ಡು ಇದೆ. ಮುಚ್ಚಳವನ್ನು ಯಾವ ಕಡೆ ತಿರುಗಿಸಿ ಮುಚ್ಚುತ್ತೀರೋ ಆ ಕಡೆಗೇ ಬಾಟಲಿ ಬಾಯಿಗೆ ಟೇಪು ಸುತ್ತಿ ತೋರಿಸುತ್ತೇನೆ. ಮುಚ್ಚಳ ಹಾಕಿದರೆ ಟೇಪು ಇನ್ನೂ ಬಿಗಿಯಾಗುತ್ತೆ. ಆಮೇಲೆ ಉಲ್ಟಾ ಸುತ್ತಿ ಮುಚ್ಚಳ ಹಾಕುತ್ತೇನೆ. ಟೇಪು ಸುಕ್ಕಾಗಿ ಕುತ್ತಿಗೆಗೆ ಬಂದು ಕೂರುತ್ತೆ, ನಿಮ್ಮ ಫೋಟೊದಲ್ಲಿ ಇರುವ ಹಾಗೇ. ಒಂದು ನಿಮಿಷದ ಪಾಠ. ಎರಡನೇ ಸಲ ಯಾರೂ ಕೇಳಿಲ್ಲ.

ತುದಿಯ ಮೊದಲನೇ ಸುತ್ತು ಥ್ರೆಡ್ಡನ್ನು ಬರಿದೇ ಬಿಡಬೇಕು. ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಬಿದ್ದು ಹೋಗಿ ಶವರಿನ ತೂತಿನಲ್ಲೋ ವಾಷಿಂಗ್ ಮಷೀನಿನ ಜಾಲರಿಯಲ್ಲೋ ಕೂರುತ್ತೆ. ಹಳೇ ಟೇಪಿನ ಮೇಲೆ ಹೊಸದು ಸುತ್ತಬಾರದು. ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಎಳೆದು ಸುತ್ತಬೇಕು, ಎಷ್ಟೆಂದರೆ ಟೇಪಿನ ಮೇಲೆ ಥ್ರೆಡ್ಡಿನ ಗೆರೆ ಮೂಡಬೇಕು. ಎಷ್ಟು ಸುತ್ತು ಅಂತ ಎಲ್ಲರೂ ಕೇಳುತ್ತಾರೆ. ಟೇಪು ದಪ್ಪ ಇದ್ದರೆ ಮೂರು ನಾಲ್ಕು ಸಾಕು. ನಮ್ಮಲ್ಲಿ ಜಾಸ್ತಿ ಹೋಗುವ ತೆಳು ಟೇಪು ಈರುಳ್ಳಿ ಸಿಪ್ಪೆ ಥರ, ಅದಕ್ಕೆ ಎಂಟು ಹತ್ತು ಬೇಕಾಗುತ್ತೆ. ಹೆಚ್ಚಾದರೆ ಒಳ್ಳೆಯದು ಅನ್ನುವ ಹಾಗೂ ಇಲ್ಲ. ಪ್ಲಾಸ್ಟಿಕ್ ಎಲ್ಬೋ ಒಳಗೆ ಇಪ್ಪತ್ತು ಸುತ್ತಿನ ನಲ್ಲಿ ತುರುಕಿ ರೆಂಚು ಹಾಕಿದರೆ ಎಲ್ಬೋ ಸೀಳುತ್ತೆ. ಅದು ಟೈಲ್ಸಿನ ಹಿಂದೆ ಸೀಳಿದರೆ ಗೋಡೆ ಒದ್ದೆಯಾದ ಮೇಲೇ ಗೊತ್ತಾಗುವುದು. ಅದಕ್ಕೇ ಗೋಡೆಯೊಳಗೆ ಹೋಗುವ ಜಾಗಕ್ಕೆ ಹಿತ್ತಾಳೆ ಥ್ರೆಡ್ಡಿನ ಎಲ್ಬೋನೇ ಹಾಕಿ ಅಂತ ಹೇಳುತ್ತೇನೆ. ‘ಅಕ್ಕ ರೇಟು ಜಾಸ್ತಿ ಇರೋದೇ ತೋರಿಸ್ತಾರೆ’ ಅನ್ನುತ್ತಾರೆ. ಏನು ಮಾಡಲಿ!

ಟೇಪು ಬೇಡದ ಕಡೆ ಸುತ್ತುವವರೂ ಇದ್ದಾರೆ. ಗೀಸರಿಗೋ ಸಿಂಕಿಗೋ ಹಾಕುವ ಬಳುಕುವ ಕನೆಕ್ಷನ್ ಪೈಪಿನ ಒಳಗೆ ರಬ್ಬರ್ ವಾಷರ್ ಇರುತ್ತೆ. ನೀರು ತಡೆಯುವುದು ಆ ವಾಷರು, ಥ್ರೆಡ್ಡಲ್ಲ. ಅಲ್ಲಿ ಟೇಪು ಸುತ್ತಿದರೆ ನಟ್ಟು ಪೂರ್ತಿ ಕೂರದೆ ವಾಷರು ಒತ್ತುವುದೇ ಇಲ್ಲ. ಇನ್ನು ಅಡುಗೆ ಗ್ಯಾಸಿನ ತಂಟೆಗೆ ಈ ಬಿಳಿ ಟೇಪು ಹಿಡಿದು ಯಾರೂ ಹೋಗಬೇಡಿ. ಅದಕ್ಕೆ ಕಲಿತವರನ್ನೇ ಕರೆಸಿ.

ಉಲ್ಟಾ ಸುತ್ತುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದನ್ನು ನಾನೇ ಮಾಡಿದ್ದೇನೆ, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ. ನಲ್ಲಿ ಬಿಗಿ ಮಾಡುತ್ತಾ ಬರುತ್ತೇವೆ. ಬಿಗಿ ಆಯಿತು ಅನ್ನುವ ಹೊತ್ತಿಗೆ ಅದರ ಮೂತಿ ಕೆಳಗೆ ಬರದೆ ಸ್ವಲ್ಪ ದಾಟಿ ಪಕ್ಕಕ್ಕೆ ನಿಂತಿರುತ್ತೆ. ಆಗ ಎಲ್ಲರ ಕೈಯೂ ಒಂದೇ ಕೆಲಸ ಮಾಡುತ್ತೆ. ಕಾಲು ಸುತ್ತು ಹಿಂದಕ್ಕೆ. ಮೂತಿ ನೇರ ಆಯಿತು, ನೋಡುವುದಕ್ಕೂ ಚಂದ. ಒಳಗೆ ಟೇಪು ಹರಿದಿರುತ್ತೆ. ಬೆಣೆ ಸಡಿಲ ಆದ ಹಾಗೆ. ಒಂದು ಸಲ ಹಿಂದಕ್ಕೆ ಹೋದರೆ ಆ ಟೇಪಿನ ಆಯಸ್ಸು ಮುಗಿಯಿತು. ಒಂದೋ ಇನ್ನೂ ಮುಂದಕ್ಕೆ ತಿರುಗಿಸಿ ಮೂತಿ ಕೆಳಗೆ ತರಬೇಕು, ಇಲ್ಲವೇ ಪೂರ್ತಿ ಬಿಚ್ಚಿ, ಉಜ್ಜಿ, ಇನ್ನೆರಡು ಸುತ್ತು ಹೆಚ್ಚು ಹಾಕಿ ಮೊದಲಿಂದ ಮಾಡಬೇಕು. ‘ಗಣಿಯೊಳಗೆ ಇಳಿದ ಮೇಲೆ ನಡುವೆ ವಾಪಸ್ ಬರೋ ಹಾಗಿಲ್ಲ, ಇದೂ ಹಾಗೇ’ ಅನ್ನುತ್ತಿದ್ದರು ಅಪ್ಪ.

ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ನಲ್ಲಿ ಇದೆ. ಓವರ್‌ಹೆಡ್ ಟ್ಯಾಂಕಿನಿಂದ ಇಳಿದ ಲೈನು, ಇಪ್ಪತ್ನಾಲ್ಕು ಗಂಟೆ ನೀರು. ಹೋದ ವರ್ಷ ದೀಪಾವಳಿ ಮುಂಚೆ ಹಳೇದು ಕಿತ್ತು ಹೊಸದು ಹಾಕಿದೆ. ಮೂತಿ ದಾಟಿತು. ಕತ್ತಲಾಗಿತ್ತು, ಅಂಗಡಿಯಲ್ಲಿ ಜನ ಕಾಯುತ್ತಿದ್ದರು. ಹಿಂದಕ್ಕೆ ತಿರುಗಿಸಿದೆ. ನಾಳೆ ನೋಡೋಣ ಅಂದದ್ದು ಯುಗಾದಿ ಆದರೂ ನೋಡಲಿಲ್ಲ. ಟೇಪು ಮಾರುವವಳ ಮನೆಯಲ್ಲೇ ನಲ್ಲಿ ಸೋರುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ನೆ ಹೇಳಿಲ್ಲ.

ಒಂದು ಭಾನುವಾರ ನೆಂಟರ ಮಗು ‘ದೊಡ್ಡಮ್ಮ, ನಲ್ಲಿ ಅಳ್ತಾ ಇದೆ’ ಅಂದಿತು. ನಾಚಿಕೆಯಾಯಿತು. ಕೆಳಗೆ ಚೊಂಬು ಇಟ್ಟೆ. ಎರಡು ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಹಾಲು ಹಿಡಿಯುವ ಚೊಂಬು, ಅಂದರೆ ಒಂದು ಲೀಟರು. ಎರಡು ಗಂಟೆಗೆ ತುಂಬಿತು. ಮಗ ಪೆನ್ನು ಹಿಡಿದ. ದಿನಕ್ಕೆ 12 ಲೀಟರ್. ವರ್ಷಕ್ಕೆ 4,380 ಲೀಟರ್. ನಮ್ಮ ಬೀದಿಗೆ ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ ಟ್ಯಾಂಕರ್ 5,000 ಲೀಟರಿನದು. ಹೆಚ್ಚು ಕಡಿಮೆ ಒಂದು ಟ್ಯಾಂಕರ್ ನೀರು ಒಗೆಯುವ ಕಲ್ಲಿನ ಪಕ್ಕದ ಕೆಸವಿನ ಗಿಡ ಕುಡಿಯುತ್ತಿತ್ತು. ಕೆಸವು ಮಾತ್ರ ಬಹಳ ಚೆನ್ನಾಗಿ ಬೆಳೆದಿತ್ತು.

ಈ 12 ಲೀಟರು ಸಣ್ಣದು ಅನ್ನಿಸುವವರಿಗೆ ಇನ್ನೊಂದು ಅಂಕಿ. 2019ರಲ್ಲಿ ಶುರುವಾದ ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ ಕೊಡಬೇಕಾದ್ದು 55 ಲೀಟರು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಅಂತ ಚಂದದ ಹೆಸರಿದೆ. ಒಂದು ಕೆಟ್ಟ ಜಾಯಿಂಟು ಒಬ್ಬರ ಪಾಲಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕುಡಿಯುತ್ತೆ. ವರ್ಷಪೂರ್ತಿ ಹರಿಯುವ ಒಂದು ಹೊಳೆ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆದರೂ ನೀರು ಸಿಗದೆ ರಿಗ್ಗು ವಾಪಸ್ ಹೋದದ್ದನ್ನು ನೋಡಿದವರು ನಾವು. ಸಿಕ್ಕಿದ ನೀರಲ್ಲೂ ಎಷ್ಟೋ ಊರುಗಳಲ್ಲಿ ಫ್ಲೋರೈಡು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಸಕಲೇಶಪುರದ ಕಡೆಯಿಂದ ಎತ್ತಿನಹೊಳೆ ನೀರು ಬರುತ್ತೆ ಅಂತ ಕಾಯುತ್ತಿದ್ದೇವೆ. ಅಷ್ಟು ದೂರದಿಂದ ಬರುವ ನೀರು ಕೊನೆಗೆ ಅರ್ಧ ಇಂಚಿನ ಥ್ರೆಡ್ಡಿನ ಹತ್ತಿರ ಸೋತುಹೋದರೆ ಹೇಗೆ?

ಈಗ ನಮ್ಮ ಅತ್ತೆ ಊರಿನ ಕಥೆ. ಊರಿನ ಹೆಸರು ಬೇಡ, ಗುತ್ತಿಗೆ ಹಿಡಿದವರ ಹೆಸರೂ ಬೇಡ. ಬೂದಿಕೋಟೆ ಕಡೆಯ ಒಂದು ಸಣ್ಣ ಹಳ್ಳಿ. ಮನೆ ಮನೆಗೆ ನಲ್ಲಿ ಹಾಕಿದರು. ಅತ್ತೆಗೆ ಎಂಬತ್ತು ದಾಟಿದೆ. ‘ಬಾಗಿಲಿಗೇ ನೀರು ಬಂತು ಕಣೇ’ ಅಂತ ಫೋನಿನಲ್ಲಿ ಅಷ್ಟು ಸಂತೋಷ. ನಾನು ಹೋದಾಗ ಬಾಗಿಲಿಗೆ ನೀರು ಬಂದದ್ದು ನಿಜ, ಬಾಗಿಲ ಮುಂದೆ ರಾಡಿಯೂ ಬಂದಿತ್ತು. ರಂಗೋಲಿ ಹಾಕುವ ಜಾಗದಲ್ಲಿ ಕೆಸರು. ಬೀದಿಯಲ್ಲಿ ನಡೆದು ಎಣಿಸಿದೆ. ಹದಿನಾಲ್ಕು ಮನೆಯಲ್ಲಿ ಒಂಬತ್ತು ನಲ್ಲಿ ಬುಡದಲ್ಲಿ ಒದ್ದೆ. ಒಂದಕ್ಕೆ ಹಳೇ ಸೀರೆಯ ಪಟ್ಟಿ, ಒಂದಕ್ಕೆ ಎಂ-ಸೀಲ್, ಮೂರಕ್ಕೆ ಸೈಕಲ್ ಟ್ಯೂಬು.

ಕೆಲಸ ಮಾಡಿದ ಹುಡುಗ ಇನ್ನೊಂದು ಬೀದಿಯಲ್ಲಿ ಸಿಕ್ಕಿದ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಬೈಯಬೇಕು ಅಂತಲೇ ಹೋದೆ. ಅವನ ಕೈ ನೋಡಿದ ಮೇಲೆ ಬೈಯಲು ಮನಸ್ಸು ಬರಲಿಲ್ಲ. ಚುರುಕು ಹುಡುಗ. ಟೇಪು ಎಳೆದು ಬಿಗಿಯಾಗಿಯೇ ಸುತ್ತುತ್ತಿದ್ದ, ಬಲಗಡೆಗೇ ಸುತ್ತುತ್ತಿದ್ದ. ಮತ್ತೆ ಯಾಕೆ ಸೋರುತ್ತೆ? ಹತ್ತಿರ ಹೋಗಿ ನಿಂತು ನೋಡಿದೆ. ನಲ್ಲಿಯ ಮೂತಿ ತನ್ನ ಕಡೆ, ಥ್ರೆಡ್ಡು ಆಚೆ ಕಡೆ ಹಿಡಿದಿದ್ದಾನೆ! ತನ್ನ ಕಣ್ಣಿಗೆ ಬಲಗಡೆ. ಥ್ರೆಡ್ಡಿನ ತುದಿಯಿಂದ ನೋಡಿದರೆ ಎಡಗಡೆ. ಗುಡಿಯನ್ನು ತಳದಿಂದ ನೋಡಿ ಪ್ರದಕ್ಷಿಣೆ ಹಾಕಿದ ಹಾಗೆ.

‘ಯಾರು ಕಲಿಸಿದ್ದು ಮಗಾ?’ ಅಂದೆ. ‘ಯಾರೂ ಇಲ್ಲ ಅಕ್ಕಾ, ನೋಡಿ ಕಲ್ತೆ. ರೈಟ್ ಸೈಡ್ ಸುತ್ತು ಅಂದ್ರು, ಸುತ್ತಿದೆ’ ಅಂದ. ಯಾವ ಕಡೆಯಿಂದ ನೋಡಿದರೆ ರೈಟು ಅಂತ ಹೇಳುವವರು ಇರಲಿಲ್ಲ. ಮನೆಗೆ ಇಷ್ಟು ಅಂತ ಕೂಲಿ. ದಿನಕ್ಕೆ ಎಷ್ಟು ಮನೆ ಮುಗಿಸಿದರೆ ಅಷ್ಟು ದುಡ್ಡು. ನೀರು ಬಿಡುವುದು ಮಾರನೇ ದಿನವೋ ಮುಂದಿನ ವಾರವೋ. ಅಷ್ಟರಲ್ಲಿ ಅವನು ಬೇರೆ ಬೀದಿಯಲ್ಲೋ ಬೇರೆ ಊರಲ್ಲೋ. ತಾನು ಹಾಕಿದ ನಲ್ಲಿಯಲ್ಲಿ ನೀರು ಬಂದದ್ದನ್ನೇ ಅವನು ನೋಡಿಲ್ಲ. ಸೋರುವುದು ಹೇಗೆ ತಿಳಿಯಬೇಕು?

ಅವನ ನೀರಿನ ಬಾಟಲಿಯನ್ನೇ ತೆಗೆದುಕೊಂಡು ತೋರಿಸಿದೆ. ಕಣ್ಣು ಅರಳಿತು. ‘ಅಯ್ಯೋ, ಇಷ್ಟೇನಾ!’ ಅಂದ. ಆಮೇಲೆ ತಲೆ ಮೇಲೆ ಕೈ ಹೊತ್ತು, ‘ಅಕ್ಕಾ, ಆರು ಊರು ಮುಗಿಸಿದ್ದೀನಿ’ ಅಂದ. ಆ ಸಂಜೆ ನಾನು, ಅವನು, ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿ, ಮೂರೂ ಜನ ಒಂಬತ್ತು ನಲ್ಲಿ ಬಿಚ್ಚಿ ಹಾಕಿದೆವು. ನಾಲ್ಕು ಸುರುಳಿ ಟೇಪು ಮುಗಿಯಿತು. ಒಂದು ಮನೆಯಲ್ಲಿ ಹಳೇ ಕಬ್ಬಿಣದ ಪೈಪಿನ ಥ್ರೆಡ್ಡೇ ತುಕ್ಕು ಹಿಡಿದು ಅರ್ಧ ಉದುರಿತ್ತು. ಜಿಐ, ಅಂದರೆ ಸತು ಬಳಿದ ಕಬ್ಬಿಣದ ಪೈಪಿಗೆ ಥ್ರೆಡ್ಡು ಕೊಯ್ದಾಗ ಮೇಲಿನ ಸತುವಿನ ಲೇಪ ಅಲ್ಲೇ ಹೋಗಿಬಿಡುತ್ತೆ, ಲೋಹವೂ ತೆಳ್ಳಗಾಗುತ್ತೆ. ತುಕ್ಕು ಮೊದಲು ಹಿಡಿಯುವುದು ಅಲ್ಲಿಗೇ. ಅದಕ್ಕೆ ಟೇಪಿನ ಮದ್ದಿಲ್ಲ, ಪೈಪೇ ಬದಲಾಗಬೇಕು. ಉಳಿದ ಎಂಟೂ ನಿಂತವು. ಹುಡುಗಿಗೆ ಸ್ಪ್ಯಾನರ್ ಹಿಡಿಯುವುದು ಎಷ್ಟು ಇಷ್ಟವಾಯಿತೆಂದರೆ ಕೊನೆಯ ಎರಡು ನಲ್ಲಿ ನಮಗೆ ಮುಟ್ಟಲೇ ಕೊಡಲಿಲ್ಲ. ಅತ್ತೆ ಮಾತ್ರ ಜಗಲಿಯಿಂದಲೇ ‘ಕತ್ತಲಾಯ್ತು, ಮುದ್ದೆ ಆರಿಹೋಗುತ್ತೆ’ ಅಂತ ಕೂಗುತ್ತಲೇ ಇದ್ದರು.

ಈ ಪತ್ರ ಓದುವ ಅಧಿಕಾರಿಗಳಿಗೆ ನನ್ನದು ದೊಡ್ಡ ಬೇಡಿಕೆ ಏನಿಲ್ಲ. ನಲ್ಲಿ ಹಾಕಿದ ದಿನವೇ, ಹಾಕಿದವರು ಊರಲ್ಲಿ ಇರುವಾಗಲೇ ನೀರು ಬಿಡಿಸಿ. ಗುಂಡಿ ಮುಚ್ಚುವ ಮೊದಲು. ಜಾಯಿಂಟನ್ನು ಬಟ್ಟೆಯಿಂದ ಒರೆಸಿ, ಕೆಳಗೆ ಒಂದು ಒಣ ಕಾಗದ ಹಾಸಿ. ನಿಮ್ಮ ಪತ್ರಿಕೆಯೇ ಸಾಕು ಸಂಪಾದಕರೇ, ಅದರ ಮೇಲೆ ಒಂದು ಹನಿ ಬಿದ್ದರೂ ಮಚ್ಚೆ ಎದ್ದು ಕಾಣುತ್ತೆ. ಒಂದು ಗಂಟೆ ಬಿಟ್ಟು ಬಂದು ನೋಡಿ. ಕಾಗದ ಒಣಗಿದ್ದರೆ ಬಿಲ್ಲು ಪಾಸು ಮಾಡಿ. ಮಚ್ಚೆ ಇದ್ದರೆ ಬಿಚ್ಚಿಸಿ ಮತ್ತೆ ಹಾಕಿಸಿ. ಇದಕ್ಕೆ ಮೀಟರೂ ಬೇಡ, ಕಮಿಟಿಯೂ ಬೇಡ. ಇನ್ನೊಂದು, ಕೂಲಿಯನ್ನು ನಲ್ಲಿಯ ಎಣಿಕೆಗೆ ಕೊಡುವ ಬದಲು ಒಣ ಕಾಗದದ ಎಣಿಕೆಗೆ ಕೊಟ್ಟರೆ ಆ ಹುಡುಗನಂಥವರು ತಾವಾಗಿಯೇ ಕಲಿಯುತ್ತಾರೆ.

ಐಟಿಐಗಳಲ್ಲಿ ಪ್ಲಂಬರ್ ಟ್ರೇಡು ಇದೆ, ಒಂದು ವರ್ಷದ್ದು. ಎಲ್ಲರೂ ಅಲ್ಲಿಗೆ ಹೋಗಲಾಗುವುದಿಲ್ಲ. ಅಲ್ಲಿಯ ಮೇಷ್ಟ್ರುಗಳೇ ಒಂದೊಂದು ಹೋಬಳಿಗೆ ಒಂದೊಂದು ದಿನ ಬಂದು, ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ, ಪಂಚಾಯಿತಿಯ ನೀರು ಬಿಡುವವರಿಗೆ ಒಂದು ನಲ್ಲಿ ಬಿಚ್ಚಿ ಹಾಕುವುದನ್ನು ಕಲಿಸಬಾರದೇ? ಹೆಂಗಸರಿಗೆ ಯಾಕೆ ಅಂತ ಕೇಳುವವರು ಇದ್ದಾರೆ. ನಲ್ಲಿ ಹತ್ತಿರ ದಿನಾ ನಿಲ್ಲುವವರು ಯಾರು ಅಂತ ಅವರೇ ಹೇಳಲಿ. ಬೇಕಾದರೆ ನಮ್ಮ ಅಂಗಡಿಯಿಂದ ಟೇಪು ನಾನು ಕೊಡುತ್ತೇನೆ. ವ್ಯಾಪಾರಕ್ಕೆ ಹೇಳುತ್ತಿದ್ದಾಳೆ ಅನ್ನಬೇಡಿ. ಸರಿಯಾಗಿ ಸುತ್ತುವುದನ್ನು ಎಲ್ಲರೂ ಕಲಿತರೆ ನನ್ನ ಟೇಪು, ಎಂ-ಸೀಲ್ ಎರಡೂ ಕಡಿಮೆಯೇ ಹೋಗುವುದು.

ಕೊನೆಗೆ ಒಂದು ಮಾತು ಕೇಳಬೇಕು. ಆ ಫೋಟೊ ಯಾವ ಊರಿನದು ಅಂತ ನೀವು ಹಾಕಿಲ್ಲ. ನಿಮ್ಮ ವರದಿಗಾರರಿಗೆ ಗೊತ್ತಿರುತ್ತೆ. ಬಂಗಾರಪೇಟೆಯಿಂದ ಬಸ್ಸು ಇರುವ ಊರಾದರೆ ದಯವಿಟ್ಟು ತಿಳಿಸಿ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿರುತ್ತೆ. ಪೈಪ್ ರೆಂಚು, ತಂತಿ ಬ್ರಷ್ಷು, ಎರಡು ಸುರುಳಿ ಟೇಪು ಚೀಲದಲ್ಲೇ ಇವೆ. ನಲ್ಲಿ ಇರುವ ಮನೆಯವರು ನೀರು ನಿಲ್ಲಿಸುವ ಹೊರಗಿನ ಗೇಟ್ ವಾಲ್ವು ಎಲ್ಲಿದೆ ಅಂತ ಮೊದಲೇ ನೋಡಿಟ್ಟಿದ್ದರೆ ಸಾಕು. ಸೈಕಲ್ ಟ್ಯೂಬು ಬಿಚ್ಚಿ ಅವರಿಗೇ ವಾಪಸ್ ಕೊಡುತ್ತೇನೆ, ಸೌದೆ ಹೊರೆ ಕಟ್ಟಲು ಬರುತ್ತೆ.

ಇಂತಿ,
ಒಬ್ಬ ಹಾರ್ಡ್‌ವೇರ್ ಅಂಗಡಿಯವಳು,
ಬಂಗಾರಪೇಟೆ, ಕೋಲಾರ ಜಿಲ್ಲೆ